ಚಿಕ್ಕಬೈರಪ್ಪನವರ ಕರಿಕೋಟು

ಯಡಿಯೂರಿನ ಚಿಕ್ಕಬೈರಪ್ಪನವರಿಗೆ ಕರಿಕೋಟಿಲ್ಲದೆ ಹೊಸಿಲು ದಾಟಲು ಭಯ. ಸುಡುಬೇಸಿಗೆಯಲ್ಲೂ ಪಂಚೆಯ ಮೇಲೆ ಕೋಟು ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡೇ ಎಮ್ಮೆಗೆ ಹುಲ್ಲು ತರಲು ಹೊರಡುತ್ತಾರೆ. "ಎಮ್ಮೆ ಏನ್ ನಿಮ್ ಕೋಟ್ ನೋಡ್ತದಾ?" ಎಂದು ಹೆಂಡತಿ ಮುನಿವೆಂಕಟಮ್ಮ ರೇಗಿದರೆ, "ದಾರೀಲಿ ಯಾವ ಆಫೀಸರ್ ಸಿಕ್ತಾನೋ, ನಿಂಗೇನ್ ಗೊತ್ತು" ಎನ್ನುತ್ತಾರೆ. ಜಯನಗರದ ಕಡೆಯಿಂದ ಜೀಪಿನ ಸದ್ದು ಕೇಳಿದರೆ ಸಾಕು, ಕುತ್ತಿಗೆಯ ಗುಂಡಿಯನ್ನು ಮತ್ತೊಮ್ಮೆ ತಡವಿ ನೋಡಿಕೊಳ್ಳುತ್ತಾರೆ. ಕೋಟು ಹೊಲಿಸುವುದಕ್ಕೆ ಮುಂಚೆ, ಬಡಾವಣೆಗೆ ಜಾಗ ಅಳೆಯಲು ಸರ್ವೆಯವನು ಬಂದಾಗ, ಅವರು ಬರಿಮೈಯಲ್ಲಿ ತಮ್ಮ ರಾಗಿ ಹೊಲದ ಕಳೆ ಕೀಳುತ್ತಿದ್ದರು. ಕೂಲಿಯವನೆಂದುಕೊಂಡ ಅವನು, "ಲೇ, ಈ ಸರಪಳಿ ಹಿಡ್ಕೊಳೋ" ಎಂದ. 'ಹೊಲ ನಂದು ಸ್ವಾಮಿ' ಎನ್ನುವ ಬದಲು ಕೈಯಲ್ಲಿದ್ದ ಕಳೆ ಬಿಸಾಡಿ ಎದ್ದರು. ಸಂಜೆಯವರೆಗೂ ಸರಪಳಿ ಹಿಡಿದು, ತಮ್ಮ ಹೊಲವನ್ನು ತಾವೇ ಅಳೆಸಿಕೊಟ್ಟರು.