ಒಂದೇ ಉಸಿರಿನ ಮೂಗು

"ಯಾವ ಊದುಬತ್ತಿ ಆದ್ರೂ ತಂದು ನನ್ ಮುಂದೆ ಹಿಡೀರಿ. ಒಂದೇ ಉಸಿರು. ಎರಡನೇ ಉಸಿರು ತಕ್ಕಂಡ್ರೆ ಈ ಮೂಗ ಕುಯ್ದು ಕೆಂಗಲ್ ರಸ್ತೇಲಿ ಮಡಗ್ಬುಟ್ಟು ಹೋಯ್ತೀನಿ. ಮೈಸೂರು ಬಸ್ಸು ಅದ್ರ ಮೇಲೆ ಹತ್ತುಸ್ಕೊಂಡು ಹೋಗ್ಲಿ."

ಹೀಗೆ ಹೇಳುತ್ತಿದ್ದವರು ಚನ್ನಪಟ್ಟಣದ ಇಮಾಮ್ ಸಾಬರು. ಹೇಳಿದ್ದು ಒಂದು ಸಲವಲ್ಲ. ಮೂವತ್ತು ವರ್ಷ, ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮೊದಲು. ಆ ಮೂಗಾದರೂ ಸಾಮಾನ್ಯದ್ದಲ್ಲ. ಸಾಬರು ಗಲ್ಲಿಯ ತಿರುವಿನಲ್ಲಿರುವಾಗಲೇ ಅದು ಬಂದು ಮನೆಯ ಬಾಗಿಲು ತಟ್ಟುತ್ತಿತ್ತು. ಹೆಂಡತಿ ಬದ್ರುನ್ನೀಸಾ ಅದನ್ನು ನೋಡಿಯೇ ಚಹಾಕ್ಕೆ ನೀರಿಡುತ್ತಿದ್ದರು. ಕೆಂಗಲ್ ಆಂಜನೇಯನ ಗುಡಿಯಲ್ಲಿ ಕಡ್ಡಿ ಹಚ್ಚಿದರೆ ಸಾಬರು ಚನ್ನಪಟ್ಟಣದ ಜಗಲಿಯ ಮೇಲೆ ಕೂತು, "ಯಾರೋ ಅಗ್ಗದ್ದು ತಂದವ್ರೆ ಇವತ್ತು" ಎಂದು ಮುಖ ಸಿಂಡರಿಸುತ್ತಿದ್ದರಂತೆ. ಊರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳು ಸಾಲುಸಾಲು. ಬೆಂದ ಹುಳುವಿನ ನಾತಕ್ಕೆ ಹೊರಗಿನವರು ಇಲ್ಲಿ ಮೂಗು ಮುಚ್ಚಿಕೊಂಡರೆ ಕೈ ತೆಗೆಯುವುದು ರೈಲು ಮದ್ದೂರು ದಾಟಿದ ಮೇಲೆ. ಅಂಥ ಊರಿನಲ್ಲಿ ಇಂಥ ಮೂಗು ಹುಟ್ಟಿದ್ದು, ಉಪ್ಪಿನಕಾಯಿ ಜಾಡಿಯಲ್ಲಿ ಮಲ್ಲಿಗೆ ಚಿಗುರಿದ ಹಾಗೆ.

ಮೊದಲೆಲ್ಲ ಅವರದು ಸೈಕಲ್ ವ್ಯಾಪಾರ. ಹಿಂದೆ ತಗಡಿನ ಟ್ರಂಕು, ಅದರೊಳಗೆ ಅತ್ತರಿನ ಬುಡ್ಡಿಗಳು, ಊದುಬತ್ತಿಯ ಕಟ್ಟುಗಳು. ರಾಮನಗರ, ಮಾಗಡಿ, ಸೋಲೂರು ಎಂದು ಸಂತೆ ಸುತ್ತುತ್ತಿದ್ದರು. ಒಂದೇ ಉಸಿರಿನ ಮಾತು ಆ ಸಂತೆಗಳಲ್ಲಿ ಜನ ಕೂಡಿಸಲು ಹುಟ್ಟಿದ್ದು. ಕೆಲಸದಲ್ಲಿ ಅವರು ಅವಸರದ ಮನುಷ್ಯರೇ ಅಲ್ಲ. ಕಡ್ಡಿ ಪರೀಕ್ಷೆ ಮಾಡುವುದೆಂದರೆ ಮೊದಲು ಅದನ್ನು ಮುರಿದು ನೋಡಬೇಕು. ಮಸಾಲೆ ಬಿದಿರಿಗೆ ಅಂಟಿಕೊಂಡಿರಬೇಕು, ಉದುರಬಾರದು. ಆಮೇಲೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದನ್ನು ಹಚ್ಚಿ, ತಾವು ಹೊರಗೆ ಹೋಗಿ ಒಂದು ಚಹಾ ಕುಡಿದು, ಕಡ್ಡಿ ಪೂರ್ತಿ ಆರಿದ ಮೇಲೆ ಒಳಗೆ ಬರಬೇಕು. "ಉರಿಯೋವಾಗ ಎಲ್ಲಾ ಕಡ್ಡಿನೂ ಒಳ್ಳೇದೇ, ಮದ್ವೆ ದಿನದ ಗಂಡಿನ ಹಂಗೆ. ಆರಿದ್ಮೇಲೆ ಏನು ಉಳೀತದೆ ನೋಡು" ಎನ್ನುತ್ತಿದ್ದರು. ಇನ್ನು ಪಚೋಲಿ ಎಂಬ ಪರಿಮಳದ ಎಲೆಯ ಕಡ್ಡಿಯಾದರೆ ಅದಕ್ಕೆ ಕಾನೂನೇ ಬೇರೆ. ಹೊಸೆದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನಲ್ಲಿ ನಲವತ್ತು ದಿನ ಮಲಗಿಸಬೇಕು. ಹಸಿ ಪಚೋಲಿ ಮಳೆಯಲ್ಲಿ ನೆಂದ ಗೋಣಿಚೀಲದಂತೆ ನಾರುತ್ತದೆ. ನಲವತ್ತು ದಿನ ಕಳೆದರೆ ಅದೇ ಗೋಣಿಚೀಲ ನವಾಬನ ಶಾಲಾಗುತ್ತದೆ.

ಈ ವಿದ್ಯೆಯನ್ನು ಸಾಬರು ಪೂರ್ತಿಯಾಗಿ ಧಾರೆ ಎರೆದದ್ದು ಒಬ್ಬರಿಗೇ, ಸೋಲೂರಿನ ಮಾರಕ್ಕನಿಗೆ. ಮಾರಕ್ಕನಿಗೆ ಒಂದು ತೆಂಗಿನ ತೋಟ, ಎರಡು ಹಸು, ಗಂಡನಿಲ್ಲ. ಹಳಬರು ಪಚ್ಚೆತೆನೆ ಎನ್ನುವ ಆ ಪಚೋಲಿ ಗಿಡದ ನಾಲ್ಕು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೈಕಲ್ಲಿನಲ್ಲಿ ತಂದುಕೊಟ್ಟವರೇ ಸಾಬರು. "ನೆಳ್ಳಲ್ಲೇ ಬತ್ತದೆ ಅಕ್ಕ, ತೆಂಗಿನ ಬುಡದಲ್ಲಿ ಹಾಕು." ಹತ್ತು ವರ್ಷದಲ್ಲಿ ತೋಟವೆಲ್ಲ ಪಚೋಲಿಯಾಯಿತು. ಸೋಲೂರಿನ ಎಳನೀರಿಗೂ ಅದರ ಪರಿಮಳ ಹತ್ತಿ, ಕುಡಿದವರು ಎರಡು ದಿನ ಅತ್ತರು ಪೂಸಿಕೊಳ್ಳುತ್ತಿರಲಿಲ್ಲ ಎಂದು ಸಾಬರೇ ಹೇಳುತ್ತಿದ್ದರು. ಎಳನೀರಿನ ಮಾತು ಬಿಡಿ, ಮಾರಕ್ಕ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಹಾಲುಮಡ್ಡಿ ಅಂಟು ಸೇರಿಸಿ ಹೊಸೆದ ಕಡ್ಡಿಗೆ ಮಾಗಡಿ ಸಂತೆಯಲ್ಲಿ ಜನ ಕಾಯುತ್ತಿದ್ದದ್ದು ನಿಜ.

ಎರಡು ಸಾವಿರದ ಮೂರರ ಹೊತ್ತಿಗೆ ಹೆದ್ದಾರಿಯ ಪಕ್ಕ, ರಾಮನಗರ ಚನ್ನಪಟ್ಟಣದ ನಡುವೆ, ಒಂದೊಂದೇ ತಗಡಿನ ಶೆಡ್ಡು ಎದ್ದಿತು. ಅವುಗಳಲ್ಲಿ ಒಂದು ಊದುಬತ್ತಿ ಫ್ಯಾಕ್ಟರಿ. ಮಿಷಿನ್ನು ಕಪ್ಪು ಕಡ್ಡಿಯನ್ನು ಉಗುಳುತ್ತಿತ್ತು, ಹುಡುಗಿಯರು ಅದನ್ನು ಸೆಂಟಿನ ಡ್ರಮ್ಮಿನಲ್ಲಿ ಅದ್ದುತ್ತಿದ್ದರು. ಒಂದು ಡ್ರಮ್ಮಿಗೆ ಗುಲಾಬಿ, ಇನ್ನೊಂದಕ್ಕೆ ಮಲ್ಲಿಗೆ, ಮತ್ತೊಂದಕ್ಕೆ ಪಚೋಲಿ ಎಂದು ಚೀಟಿ. ಮೂಗಿನ ಕೀರ್ತಿ ಕೇಳಿ ಮ್ಯಾನೇಜರ್ ಲೋಕೇಶ್ ಸಾಬರನ್ನು ಕರೆದು, ಬಿಳಿ ಕೋಟು ತೊಡಿಸಿ, ಕೈಗೆ ಸೀಮೆಸುಣ್ಣ ಕೊಟ್ಟ. ಪಾಸಾದ ಕಟ್ಟಿಗೆ ಸೊನ್ನೆ, ಫೇಲಾದ ಕಟ್ಟಿಗೆ ಅಡ್ಡಗೀಟು. ಚೀಟಿ ಓದಲು ಕಷ್ಟವಾಗುತ್ತದೆಂದು ದಪ್ಪ ಗಾಜಿನ ಒಂದು ಕನ್ನಡಕವನ್ನೂ ಕೊಡಿಸಿದ. "ಮೂಗಿರೋನಿಗೆ ಕಣ್ಣು ಯಾಕಪ್ಪ" ಎಂದು ನಕ್ಕರೂ ಸಾಬರು ಹಾಕಿಕೊಂಡರು. ಸೈಕಲ್ ಗೋಡೆಗೆ ಒರಗಿತು.

ಅಲ್ಲಿ ದಿನಕ್ಕೆ ಇನ್ನೂರು ಕಟ್ಟು. ಹೊರಗೆ ಹೋಗಿ ಚಹಾ ಕುಡಿದು ಬರುವ ಪುರಸೊತ್ತೆಲ್ಲಿ? ಐದು ಗಂಟೆಗೆ ಲಾರಿ ಬರುತ್ತದೆ. ಹಚ್ಚು, ಮೂಸು, ಗೀಚು. ಸಂತೆಯಲ್ಲಿ ತಮಾಷೆಗೆ ಹೇಳಿದ ಒಂದೇ ಉಸಿರು ಇಲ್ಲಿ ನೌಕರಿಯಾಯಿತು. ಮೂರು ವರ್ಷ ಆ ಡ್ರಮ್ಮುಗಳ ನಡುವೆ ನಿಂತ ಮೂಗಿಗೆ ಏನಾಗುತ್ತಿದೆ ಎಂದು ಸಾಬರು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಬದ್ರುನ್ನೀಸಾ ಮಾತ್ರ ಒಂದು ಸಲ, "ಸಾರು ತಳ ಹತ್ತಿ ಅರ್ಧ ಗಂಟೆ ಆಯ್ತು, ನೀವು ಒಳಗೇ ಕೂತಿದ್ರೂ ಪಕ್ಕದ ಮನೇವ್ರು ಬಂದು ಹೇಳ್ಬೇಕಾಯ್ತು" ಎಂದಿದ್ದರು. ಸಾಬರು ಅದನ್ನು ಸಾರಿನ ತಪ್ಪು ಎಂದುಕೊಂಡರು.

ಎರಡು ಸಾವಿರದ ಆರರ ಬೇಸಗೆ ಮುಗಿಯುವಾಗ ದೊಡ್ಡದೊಂದು ಆರ್ಡರು ಬಂತು. ಕೊಳ್ಳುವವರಿಗೆ ಕೈಯಲ್ಲಿ ಹೊಸೆದ ಪಚೋಲಿ ಕಡ್ಡಿಯೇ ಬೇಕು. "ಯಾರಾದ್ರೂ ಅವ್ರಾ ಸಾಬ್ರೆ?" ಎಂದ ಲೋಕೇಶ್. ಸಾಬರು ಮಾರಕ್ಕನ ಹೆಸರು ಹೇಳಿದರು. ಮಾರಕ್ಕ ಹತ್ತು ಜನ ಹೆಂಗಸರನ್ನು ಕೂಡಿಸಿದಳು. ಕಡ್ಡಿ ಪಾಸಾದರೆ ಹತ್ತು ಮನೆಗೂ ವರ್ಷವಿಡೀ ಕೆಲಸ, ಇಲ್ಲವಾದರೆ ಇಲ್ಲ. ಅವರಲ್ಲಿ ಇಬ್ಬರು ನೆಲಮಂಗಲದ ಕಡೆ ಗಾರ್ಮೆಂಟ್ಸಿಗೆ ಹೆಸರು ಕೊಟ್ಟಿದ್ದವರು, ಒಸಿ ತಾಳಿ ನೋಡೋಣ ಎಂದು ನಿಂತರು.

ಹೊಸೆದ ಎಂಟನೇ ದಿನಕ್ಕೇ ಫ್ಯಾಕ್ಟರಿಯಿಂದ ಬುಲಾವು. ಮಾರಕ್ಕ ಎರಡು ಕಟ್ಟನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಎರಡು ಬಸ್ಸು ಹತ್ತಿ ಬಂದಳು.

"ಇನ್ನೂ ಹಸಿ ಐತೆ ಕಣಣ್ಣ. ನೀನೇ ಯೋಳ್ಕೊಟ್ಟಂಗೆ ಒಸಿ ದಿನ ಬುಟ್ಟು ನೋಡು" ಎಂದಳು.

ಲೋಕೇಶ್ ಗಡಿಯಾರ ನೋಡಿದ. "ಬುಟ್ಟು ನೋಡಾದಾ? ನಮ್ ಸಾಬ್ರಿಗೆ ಒಂದೇ ಉಸಿರು ಸಾಕು ಕಣಮ್ಮ. ಅಲ್ವಾ ಸಾಬ್ರೆ?"

ಅಲ್ಲ ಎನ್ನಲೂ ಒಂದೇ ಉಸಿರು ಸಾಕಿತ್ತು. ನಲವತ್ತು ದಿನ ಬೇಕಪ್ಪ, ಇದು ಬೇರೆ ಜಾತಿಯ ಕಡ್ಡಿ, ಎನ್ನಬಹುದಿತ್ತು. ಆದರೆ ಅದ್ದುವ ಹುಡುಗಿಯರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು, ಮೂವತ್ತು ವರ್ಷದ ಮಾತು ಬಾಯಿಯ ಬಾಗಿಲಲ್ಲಿ ಕಾವಲು ನಿಂತಿತ್ತು. ಸಾಬರು ಕಡ್ಡಿ ಹಚ್ಚಿ ಒಂದೇ ಉಸಿರು ಎಳೆದರು. ಡ್ರಮ್ಮಿನ ಸಿಹಿ ಪಚೋಲಿಗೆ ಒಗ್ಗಿದ ಮೂಗಿಗೆ ಬಂದದ್ದು ಮಣ್ಣು, ಬೂಷ್ಟು, ನೆಂದ ಗೋಣಿ. ಕೈ ತಾನಾಗಿಯೇ ಹೋಗಿ ಎರಡು ಕಟ್ಟಿನ ಮೇಲೂ ಅಡ್ಡಗೀಟು ಎಳೆಯಿತು.

ಮಾರಕ್ಕ ಜಗಳ ಆಡಲಿಲ್ಲ. ಗೀಟನ್ನು ನೋಡಿದಳು, ಸಾಬರ ಮುಖ ನೋಡಿದಳು. "ಮಾಗಡಿ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿ, ಒಂದು ಕಟ್ಟನ್ನು ಎತ್ತಿಕೊಂಡು ಹೋದಳು. ಇನ್ನೊಂದನ್ನು ಅದರ ಬಟ್ಟೆಯ ಸಮೇತ ಸಾಬರು ಮನೆಗೆ ತಂದು, ಯಾಕೆಂದು ಗೊತ್ತಿಲ್ಲದೆ, ಹಳೆಯ ಟ್ರಂಕಿನಲ್ಲಿ ಬಟ್ಟೆಗಳ ಅಡಿಗೆ ತಳ್ಳಿದರು.

ನಲವತ್ತು ದಿನ ಕಳೆದು ಮತ್ತೆ ಎರಡು ನಲವತ್ತು ಕಳೆಯಿತು. ರಂಜಾನ್ ಹಬ್ಬದ ಬೆಳಿಗ್ಗೆ ಬದ್ರುನ್ನೀಸಾ ಟ್ರಂಕು ತೆಗೆದು ಗಂಡನ ಬಿಳಿ ಅಂಗಿ ಕೊಟ್ಟರು. ಕೊಡುವಾಗ ಒಂದು ಕ್ಷಣ ತಮ್ಮ ಮುಖಕ್ಕೆ ಒತ್ತಿಕೊಂಡರು. ಸಾಬರು ಅಂಗಿ ತೊಟ್ಟು ಹೊರಟರು. ಈದ್ಗಾದಲ್ಲಿ ನಮಾಜು ಮುಗಿದ ಮೇಲೆ ಅಪ್ಪಿಕೊಂಡವರು ಬಿಡಲೇ ಇಲ್ಲ. ಆಟಿಕೆ ಮಾಡುವ ಗೌಸ್ ಮೂರು ಸಲ ಅಪ್ಪುವ ಕಡೆ ಹದಿಮೂರು ಸಲ ಅಪ್ಪಿದ. ಹಿಂದೆ ಸಾಲು ಬೆಳೆದು ಬಸ್ ಸ್ಟ್ಯಾಂಡ್ ಮುಟ್ಟಿತು.

"ಯಾವ ಅತ್ತರು ಸಾಬ್ರೆ? ಎಲ್ಲಿ ಸಿಕ್ತದೆ ಇದು?" ಎಂದ ಗೌಸ್.

ಸಾಬರು ತೋಳನ್ನು ಮೂಗಿಗೆ ಹಿಡಿದರು. ಒಂದು ಉಸಿರು. ಏನೂ ಇಲ್ಲ. ಎರಡು, ಮೂರು. ಏಳನೆಯ ಉಸಿರಿಗೆ, ಬಹಳ ದೂರದಿಂದ, ತೆಂಗಿನ ಬುಡದ ತಂಪು ಬಂತು.

ಮನೆಗೆ ಓಡಿ ಬಂದು ಟ್ರಂಕಿನ ತಳ ತಡಕಿದರು. ಸಿಕ್ಕಿದ್ದು ಸೀರೆಯ ತುಂಡು, ಅದರೊಳಗಿನ ಕಟ್ಟು, ಕಟ್ಟಿನ ಮೇಲೆ ತಮ್ಮದೇ ಕೈಯ ಅಡ್ಡಗೀಟು. ಮರುದಿನ ಅದನ್ನು ಹಿಡಿದುಕೊಂಡು ಫ್ಯಾಕ್ಟರಿಗೆ ಹೋದರು. ಲೋಕೇಶ್ ಮುಖ ಎತ್ತಲಿಲ್ಲ. "ಆ ಆರ್ಡರ್ಗೆ ಡ್ರಮ್ ಕಡ್ಡಿನೇ ಕಳ್ಸಿ ಆಗೋಯ್ತು ಸಾಬ್ರೆ. ಅವ್ರು ಸುಮ್ನೆ ತಕ್ಕಂಡ್ರು. ಈಗ ಯಾಕೆ ಆ ಮಾತು?"

ಸಾಬರು ಕೋಟು ಬಿಚ್ಚಿಟ್ಟರು, ಸೀಮೆಸುಣ್ಣ ಇಟ್ಟರು. ಕನ್ನಡಕ ಮುಖದಲ್ಲೇ ಉಳಿಯಿತು. ಮಾಗಡಿ ಬಸ್ಸು ಹತ್ತಿ, ಅಲ್ಲಿಂದ ಸೋಲೂರಿನ ಬಸ್ಸು ಹಿಡಿದರು.

ತೋಟದ ಬೇಲಿಯ ಹತ್ತಿರ ಇಳಿದಾಗ ಸಾಬರು ದಾರಿ ತಪ್ಪಿತೇನೋ ಅಂದುಕೊಂಡರು. ತೆಂಗಿನ ಬುಡದಲ್ಲೆಲ್ಲ ಎದೆಯೆತ್ತರದ ಸೀಮೆಹುಲ್ಲು. ಎರಡಿದ್ದ ಹಸು ನಾಲ್ಕಾಗಿದ್ದವು. ಮಾರಕ್ಕ ಹುಲ್ಲು ಕೊಯ್ಯುತ್ತಿದ್ದಳು. ಕುಡುಗೋಲು ಕೆಳಗಿಟ್ಟು ಒಳಗೆ ಹೋಗಿ ಮಜ್ಜಿಗೆ ತಂದಳು.

"ಬನ್ನಿ ಸಾಬ್ರೆ" ಎಂದಳು. ಹದಿಮೂರು ವರ್ಷದಿಂದ ಇಮಾಮಣ್ಣ ಎನ್ನುತ್ತಿದ್ದವಳು.

ಸಾಬರು ಕಟ್ಟನ್ನು ಜಗಲಿಯ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದರು. ಒಂದು ಮಾತನ್ನೂ ಉಬ್ಬಿಸಲಿಲ್ಲ. ಅವರ ಜೀವಮಾನದಲ್ಲಿ ಅದೇ ಮೊದಲು. ಮಾರಕ್ಕ ಕಟ್ಟನ್ನು ಎತ್ತಿ ಮೂಸಿದಳು, ಬಹಳ ಹೊತ್ತು.

"ಒಂದು ಗಿಡನಾದ್ರೂ ಐತಾ ಅಕ್ಕ? ಒಂದು ಕಡ್ಡಿ ಸಿಕ್ರೆ ಸಾಕು, ಮತ್ತೆ ನೆಡನ."

"ಬೇರು ಸಮೇತ ಕಿತ್ತು ತಿಪ್ಪೆಗೆ ಹಾಕ್ದೊ. ಹೆಂಗುಸ್ರೆಲ್ಲ ಗಾರ್ಮೆಂಟ್ಸ್ ವ್ಯಾನ್ ಹತ್ಕಂಡ್ರು. ಮನೇಲಿದ್ದ ಕಡ್ಡೀನ ಹಸುಗೊಳ್ಗೆ ಸೊಳ್ಳೆ ಕಚ್ಚದಂಗೆ ಕೊಟ್ಟಿಗೇಲಿ ಹಚ್ಚಿ ಮುಗುಸ್ದೆ." ಕಟ್ಟಿನ ಮೇಲಿನ ಅಡ್ಡಗೀಟನ್ನು ಹೆಬ್ಬೆರಳಿಂದ ಉಜ್ಜುತ್ತಾ, "ನಂಗೆ ಚೆಂದಾಗೈತೆ ಅಂತ್ಲೇ ಅನ್ನುಸ್ತಿತ್ತು ಕಣಣ್ಣ. ದಿನಾ ಮೂಸಿ ನೋಡ್ತಿದ್ದೆ. ಆದ್ರೆ ನಿನ್ ಮೂಗೇ ಬ್ಯಾಡ ಅಂದ್ಮೇಲೆ, ನನ್ ಮೂಗೇ ಸುಳ್ಳು ಅಂದ್ಕಂಡು ಕಿತ್ತಾಕ್ದೆ" ಎಂದಳು.

ಸಾಬರು ಲೋಟ ಕೆಳಗಿಟ್ಟರು. ಮಜ್ಜಿಗೆಗೆ ಹಾಕಿದ್ದ ಕೊತ್ತಂಬರಿ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಬಂದಿರಲಿಲ್ಲ.

"ಮೂಗ ಕುಯ್ದು ಕೆಂಗಲ್ ರಸ್ತೇಲಿ ಮಡಗ್ಬುಟ್ಟು ಹೋಯ್ತೀನಿ ಅಂತಿದ್ದೆ ನೀನು. ಇನ್ನೂ ಯಾಕೆ ಹೊತ್ಕಂಡು ತಿರುಗ್ತಿದ್ದೀಯ ಅದ್ನ?" ಎಂದಳು ಮಾರಕ್ಕ.

ಸಾಬರು ಜಾರಿದ ದಪ್ಪ ಗಾಜನ್ನು ಒಂದು ಬೆರಳಿಂದ ಮೇಲೆ ತಳ್ಳಿದರು.

"ಕನ್ನಡಕ ನಿಲ್ಬೇಕಲ್ಲಕ್ಕ."