ಶಾಮಲಮ್ಮನ ಬಲಸೊಂಟ

ನಮ್ಮ ಅತ್ತಿಗೆ ಶಾಮಲಮ್ಮನ ಬಲಸೊಂಟದಂಥ ಸೊಂಟ ಸುಗಟೂರಿನಿಂದ ಮುಳಬಾಗಿಲಿನವರೆಗೆ ಹುಡುಕಿದರೂ ಇನ್ನೊಂದಿಲ್ಲ. ಕೀಲು ಬದಲಾಯಿಸಿ ಹದಿನೈದು ವರ್ಷವಾಯಿತು. ಒಳಗಿರುವುದು ಅಸಲಿ ಲೋಹ. ಯಮ ಬಂದು ಆ ಕಾಲು ಹಿಡಿದೆಳೆದರೆ ಅವನ ಕೋಣವೇ ಮುಗ್ಗರಿಸಬೇಕು ಎಂದು ಬಸ್‌ ಸ್ಟ್ಯಾಂಡಿನಲ್ಲೆಲ್ಲ ಸಾರಿಕೊಂಡು ಬಂದವನು ನಾನೇ.

ಅತ್ತಿಗೆಯದು ರೇಷ್ಮೆ ಹುಳು ಸಾಕುವ ಬದುಕು. ಅವಳ ಗಂಡ, ಅಂದರೆ ನನ್ನ ಅಣ್ಣ, ಹೋದ ಮೇಲೂ ಒಂದು ಬೆಳೆ ತಪ್ಪಿಸಿದವಳಲ್ಲ. ಆನೆ ನೋಡಿ ನಾಚುವಷ್ಟು ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದಳು. ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ಎಂದು ಆಸ್ಪತ್ರೆಯವರು ಆಗಲೇ ಹೇಳಿದ್ದರು. ಆದರೆ ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಮನೆಯೊಡತಿ ಊರು ಬಿಡುವಂತಿಲ್ಲ, ಆಸ್ಪತ್ರೆಗೆ ಹೋಗಿಬಂದ ಮೈಯಲ್ಲಿ ಹುಳು ಮನೆಗೆ ಕಾಲಿಡುವಂತಿಲ್ಲ. ಒಂದು ಬೆಳೆ ಇಳಿಯುವಷ್ಟರಲ್ಲಿ ಇನ್ನೊಂದು. ನೋವೂ ಇರಲಿಲ್ಲ. ಎಕ್ಸ್‌ರೇ ಹಾಗೇ ಉಳಿಯಿತು.

ಈಚೆಗೆ ಅವಳು ವಾಲಿಕೊಂಡು ನಡೆಯುವುದನ್ನು ಮಗಳು ವಾಣಿಶ್ರೀ ಕಂಡಳು. ಜಗಳವಾಡಿ ಕೋಲಾರದ ಆಸ್ಪತ್ರೆಗೆ ಕರೆತಂದಳು. ಜೊತೆಗೆ ನಾನೂ.

ಡಾಕ್ಟರ್ ಫರ್ಹಾದ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕೀಲಿನ ಸುತ್ತ ಮೂಳೆಯಿರಬೇಕಾದ ಕಡೆ ಕಪ್ಪು ತೂತುಗಳು. ಹುಳು ಮೇಯ್ದು ನರ ಮಾತ್ರ ಬಿಟ್ಟ ಎಲೆಯಂತಿತ್ತು.

“ಲೋಹ ಚೆನ್ನಾಗಿದೆ ಅಮ್ಮ. ಕೀಲು ಕೂರೋ ಬಟ್ಟಲಿನ ಒಳಗಿರೋ ಪ್ಲಾಸ್ಟಿಕ್ ಸವೆದಿದೆ. ಆ ಪುಡಿ ಸೇರಿದ ಕಡೆ ಮೈ ತನ್ನ ಮೂಳೇನೇ ಕರಗಿಸ್ಕೊಂಡಿದೆ.”

“ನೋವೇ ಇಲ್ವಲ್ಲ ಸಾಮಿ,” ಎಂದಳು ಅತ್ತಿಗೆ.

“ನೋವು ಬರೋ ಹೊತ್ತಿಗೆ ತಡ ಆಗಿರತ್ತೆ. ಈಗ ಬಿದ್ರೆ ಮೂಳೆ ಮುರಿಯತ್ತೆ, ಆಮೇಲೆ ನಡೆಯೋದೇ ಕಷ್ಟ. ಇವತ್ತೇ ಸೇರ್ಕೊಳ್ಳಿ. ಮೂಳೆ ತುಂಬಿ ಹೊಸ ಬಟ್ಟಲು ಕೂರಿಸ್ಬೇಕು.”

“ದೇವುಡಾ...”

ಅವಳ ಕೈ ಸೊಂಟದ ಕಡೆ ಹೋಗಿ, ಮುಟ್ಟಲು ಹೆದರಿ, ಹಿಂದೆ ಬಂತು. ಮನೆಯಲ್ಲಿ ಹುಳುಗಳು ಕೊನೆಯ ಜ್ವರ ಮುಗಿಸಿ ಹಗಲಿರುಳು ಮೇಯುತ್ತಿದ್ದವು.

“ಹುಳೂನ ನಾನ್ ನೋಡ್ಕೋತೀನಿ ಅತ್ತಿಗೆ,” ಎಂದೆ. “ನನ್ನ ಕೈಯಲ್ಲಿ ಮೇಯ್ದ್ರೆ ಒಂದೊಂದು ಗೂಡೂ ತೆಂಗಿನಕಾಯಿ ಗಾತ್ರ ಬರತ್ತೆ.”

ಅತ್ತಿಗೆ ಇನ್ನೊಮ್ಮೆ ಆ ತೂತುಗಳನ್ನು ನೋಡಿದಳು. ಆಮೇಲೆ ಕಿವಿಯೋಲೆ ಬಿಚ್ಚಿ ಮಗಳ ಕೈಗಿಟ್ಟಳು.

“ಸೇರ್ಕೋತೀನಿ ಸಾಮಿ. ವಾಣಿ, ತಲೆಗೆ ನೀರು ಹಾಕ್ಕೊಂಡು ಹುಳು ನೀನೇ ನೋಡ್ಕೋ ಕಣೇ. ನಿಮ್ಮ ಚಿಕ್ಕಪ್ಪನ್ನ ಬಾಗ್ಲಿಗೂ ಸೇರಿಸ್ಬೇಡ. ಅವನ ಬಡಾಯಿ ಕೇಳಿದ್ರೆ ಹುಳುಗಳು ಗೂಡು ಕಟ್ಟಿ ಆಯ್ತು ಅಂದ್ಕೊಂಡು ಮಲ್ಗಿಬಿಡ್ತವೆ.”