ಎಲ್ವುಡ್‌ನ ಪೆಟ್ಟಿಗೆಯಲ್ಲಿ ಇಲ್ಲದ ಒಬ್ಬ

ಎಲ್ವುಡ್ ಹೆಸ್ ಪ್ರೆಟ್ಜೆಲ್ ಎಂಬ ಗಂಟು ಬಿಸ್ಕತ್ತು ತಿರುಚುವುದನ್ನು ಕಣ್ಣಾರೆ ಕಂಡವರು ನಮ್ಮೂರಲ್ಲಿ ಈಗ ಹೆಚ್ಚು ಉಳಿದಿಲ್ಲ. ಹಿಟ್ಟಿನ ಎಳೆಯ ಎರಡು ತುದಿ ಹಿಡಿದು ಒಂದು ಸಲ ಬೀಸಿದನೆಂದರೆ ಅದು ಗಾಳಿಯಲ್ಲೇ ಗಂಟು ಹಾಕಿಕೊಂಡು ಹಲಗೆಯ ಮೇಲೆ ಕೂರುತ್ತಿತ್ತು. ನಿಮಿಷಕ್ಕೆ ಮೂವತ್ತು, ಅದೂ ಕೈ ನೋಡದೆ, ಪಕ್ಕದವನ ಜೊತೆ ಬೇಸ್‌ಬಾಲ್ ವಿಷಯಕ್ಕೆ ಜಗಳ ಆಡುತ್ತಾ. ರೆಡಿಂಗ್ ರಸ್ತೆಯ ಬೇಕರಿಯಲ್ಲಿ ಮೂವತ್ತೊಂಬತ್ತು ವರ್ಷ ಇದೇ ಕೆಲಸ. ಬೇಕರಿಗೆ ಯಂತ್ರ ಬಂದ ದಿನ ಎಲ್ಲರೂ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದರೆ ಇವನು ಅದರ ಬೆನ್ನು ತಟ್ಟಿ, "ಪಾಪ, ಇದಕ್ಕೆ ಜಗಳ ಆಡೋಕೆ ಬರಲ್ವಲ್ಲ" ಎಂದನಂತೆ.

ಆದರೆ ಅವನು ಬದುಕಿದ್ದು ಪ್ರೆಟ್ಜೆಲ್‌ಗಾಗಿ ಅಲ್ಲ, ಕಾರ್ಡುಗಳಿಗಾಗಿ. ಅವನ ಹೆಂಡತಿ ವರ್ನಾ ಹೊಸಬರು ಮನೆಗೆ ಬಂದರೆ ಸಾಕು, "ಹುಷಾರಾಗಿ ನಡೀರಿ, ನಮ್ಮನೇಲಿ ಹನ್ನೆರಡು ಸಾವಿರ ಗಂಡಸರು ಪೆಟ್ಟಿಗೇಲಿ ಮಲಗಿದ್ದಾರೆ" ಎನ್ನುತ್ತಿದ್ದಳು.

ನಮ್ಮದು ದಾಳದ ಬೇಸ್‌ಬಾಲ್. ಮೈದಾನ ಬೇಡ, ಬ್ಯಾಟು ಬೇಡ. ಒಂದು ಮೇಜು, ಒಂದು ಕೆಂಪು ದಾಳ, ಒಂದು ಬಿಳಿ ದಾಳ ಸಾಕು. ನಿಜವಾದ ತಂಡಗಳಲ್ಲಿ ಆಡುವ ಪ್ರತಿಯೊಬ್ಬನಿಗೂ ವರ್ಷಕ್ಕೊಂದು ಕಾರ್ಡು. ಅದರಲ್ಲಿ ಫೋಟೋ ಗೀಟೋ ಇರುವುದಿಲ್ಲ. ಮೇಲೆ ಹೆಸರು, ಕೆಳಗೆ ಎರಡು ದಾಳಕ್ಕೆ ಬೀಳಬಹುದಾದ ಮೂವತ್ತಾರು ಸಂಖ್ಯೆ, ಒಂದೊಂದರ ಎದುರಿಗೂ ಏನಾಯಿತು ಎಂಬುದು. ಕೆಂಪು ನಾಲ್ಕು, ಬಿಳಿ ಎರಡು ಬಿದ್ದರೆ ನಲವತ್ತೆರಡು. ನಲವತ್ತೆರಡರ ಎದುರು ಔಟ್ ಎಂದಿದ್ದರೆ ಔಟ್. ಹಿಂದಿನ ವರ್ಷ ಅವನು ಮೈದಾನದಲ್ಲಿ ಹೇಗೆ ಆಡಿದ್ದನೋ ಮೇಜಿನ ಮೇಲೂ ಹಾಗೇ ಆಡುತ್ತಾನೆ.

ಇಲ್ಲೇ ಒಂದು ತೊಡಕು. ವರ್ಷಪೂರ್ತಿ ಬೆಂಚಿನ ಮೇಲೆ ಕೂತು, ಎಲ್ಲೋ ಏಳು ಸಲ ಮಾತ್ರ ಬ್ಯಾಟ್ ಹಿಡಿದವನೊಬ್ಬ ಐದು ಸಲ ಚೆನ್ನಾಗಿ ಹೊಡೆದುಬಿಟ್ಟ ಎನ್ನಿ. ಅವನ ಕಾರ್ಡು ಅದನ್ನೇ ಲೆಕ್ಕ ಹಿಡಿದು ದೊಡ್ಡ ದೊಡ್ಡವರನ್ನೆಲ್ಲ ಮೀರಿಸಿಬಿಡುತ್ತದೆ. 1970ರಲ್ಲಿ ಅಂಥವನೊಬ್ಬನಿದ್ದ, ಬಡ್ ಲಾಸ್ಕಿ ಎಂಬ ಕ್ಯಾಚರ್. ಮೂವತ್ತಾರು ಸಂಖ್ಯೆಯಲ್ಲಿ ಇಪ್ಪತ್ತಾರು ಹೊಡೆತ, ಅದರಲ್ಲಿ ಚೆಂಡನ್ನು ಬೇಲಿಯಾಚೆ ಹಾರಿಸುವ ಹೋಮ್ ರನ್ನೇ ಹತ್ತು. ಅಂಥ ಚಿಲ್ಲರೆ ಆಟಗಾರರ ಕಾರ್ಡುಗಳು ಪೆಟ್ಟಿಗೆಯಲ್ಲಿ ಬರುತ್ತಿರಲಿಲ್ಲ. ಕಂಪನಿಗೆ ಪತ್ರ ಬರೆದು ಬೇರೆ ಪೊಟ್ಟಣ ತರಿಸಿಕೊಳ್ಳಬೇಕಿತ್ತು. ನಮ್ಮ ಗುಂಪಿನಲ್ಲಿ ತರಿಸಿಕೊಂಡವನು ಎಲ್ವುಡ್ ಒಬ್ಬನೇ.

ನಾನು ಲೊರೇನ್. ಆಡುವವಳಲ್ಲ, ಬರೆಯುವವಳು. 1971ರಲ್ಲಿ ನನ್ನಣ್ಣ ಮೆರ್ಲ್ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಈ ಗುರುವಾರದ ಲೀಗ್ ಶುರು ಮಾಡಿದಾಗ ನನಗೆ ಹದಿನೆಂಟು. ಆರು ಜನ ಗಂಡಸರಲ್ಲಿ ಒಬ್ಬನ ಅಕ್ಷರವೂ ಓದುವ ಹಾಗಿರಲಿಲ್ಲ. ಹಾಗಾಗಿ ಸ್ಕೋರ್ ಪುಸ್ತಕ ನನ್ನ ಕೈಗೆ ಬಂತು, ಇವತ್ತಿಗೂ ನನ್ನ ಕೈಯಲ್ಲೇ ಇದೆ. ಅದರಲ್ಲಿ ಒಂದೇ ಒಂದು ಸುಳ್ಳು ಅಂಕಿ ಇಲ್ಲ. ಈ ಮಾತು ಹೇಳುವಾಗ ನನಗೆ ಜಂಬ ಬರುತ್ತದೆ, ಬರಲಿ.

ಆ ಮೊದಲ ವರ್ಷದ ಕೊನೆಯ ಪಂದ್ಯ ಎಲ್ವುಡ್‌ಗೂ ಮೆರ್ಲ್‌ಗೂ. ಎಲ್ವುಡ್ ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಲಾಸ್ಕಿಯನ್ನು ಅವತ್ತು ಇಳಿಸಿದ. ಲಾಸ್ಕಿ ಮೂರು ಹೋಮ್ ರನ್ ಹೊಡೆದ. ನಮ್ಮಣ್ಣನ ಮುಖ ಬೀಟ್‌ರೂಟ್ ಆಯಿತು.

"ಏಳು ಸಲ ಬ್ಯಾಟ್ ಹಿಡಿದವನು ಅದೇನು ದೇವ್ರೇನೋ? ಇದು ಆಟಾನಾ? ಮೋಸ!"

"ಕಾರ್ಡಲ್ಲಿ ಇರೋದನ್ನ ಆಡಿದೀನಿ. ಬೇಕಾದ್ರೆ ಕಂಪನಿ ಜೊತೆ ಜಗಳ ಆಡು, ಹೋಗು."

ನಮ್ಮ ಲೀಗಿನಲ್ಲಿ ಒಂದು ಕಟ್ಟಳೆ ಇತ್ತು, ಮೆರ್ಲ್‌ನೇ ಮಾಡಿದ್ದು. ಬಹುಮತದಿಂದ ಬೇಡವೆಂದ ಕಾರ್ಡನ್ನು ಅದರ ಯಜಮಾನನೇ ಎಲ್ಲರೆದುರು ನಾಲ್ಕು ತುಂಡು ಮಾಡಬೇಕು. ಆ ಕಾರ್ಡು ಮತ್ತೆ ಅವನ ಕೈ ಸೇರಬಾರದು. ಕೈ ಎತ್ತಿಸಿದರು. ನಾಲ್ಕು ಕೈ ಮೇಲೆ, ಎರಡು ಕೆಳಗೆ. ಎಲ್ವುಡ್ ಸೀಳಿದ. ಆಮೇಲೆ ಎಲ್ಲರೂ ಅಮ್ಮ ಮಾಡಿದ ಜೋನಿಬೆಲ್ಲದ ಪೈ ತಿಂದರು. ಅವನು ತಿನ್ನಲಿಲ್ಲ, ಕೋಟು ಹಾಕಿಕೊಂಡು ಹೊರಟ. ಮೆಟ್ಟಿಲ ಮೇಲೆ ಮುಂಗೈಯಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ. ಇಪ್ಪತ್ತು ವರ್ಷದ ಗಂಡಸು. ಮೆರ್ಲ್‌ಗೂ ಏನೋ ಅನ್ನಿಸಿರಬೇಕು, ಮುಂದಿನ ವಾರವೇ ಸೀಳುವ ಕಟ್ಟಳೆ ತೆಗೆದು, ನೂರಕ್ಕಿಂತ ಕಡಿಮೆ ಸಲ ಬ್ಯಾಟ್ ಹಿಡಿದವರು ಆಡುವಂತಿಲ್ಲ ಎಂದು ಬರೆಸಿದ.

ಅವತ್ತು ಗುಡಿಸಿದ್ದು ನಾನು. ನಾಲ್ಕು ತುಂಡನ್ನೂ ಎತ್ತಿಕೊಂಡು, ಹಿಂದೆ ಮುಂದೆ ಅಂಟುಪಟ್ಟಿ ಹಚ್ಚಿ ಜೋಡಿಸಿ, ಆ ವರ್ಷದ ಸ್ಕೋರ್ ಪುಸ್ತಕದ ಕೊನೆಯ ಪುಟದಲ್ಲಿ ಇಟ್ಟೆ. ಕೊಡಬೇಕೆಂದುಕೊಂಡೆ. ಆದರೆ ಸೀಳುವುದು ನಿಂತರೂ, ಸೀಳಿದ್ದು ಯಜಮಾನನ ಕೈ ಸೇರಬಾರದೆಂಬ ಕಟ್ಟಳೆ ಹಾಗೇ ಇತ್ತು. ಅದನ್ನು ಬರೆದಿಟ್ಟ ನನ್ನ ಕೈಯೇ ಮುರಿಯುವುದು ಹೇಗೆ? ಒಂದು ವರ್ಷ ಕಳೆದ ಮೇಲೆ ಕೊಟ್ಟರಾಯಿತು ಎಂದುಕೊಂಡೆ. ಅಷ್ಟರಲ್ಲಿ ಎಲ್ವುಡ್‌ಗೆ ಹಳೆಯ ಕಾರ್ಡು ಕೂಡಿಡುವ ಹುಚ್ಚು ಹತ್ತಿತು. ಒಂದು ಗುರುವಾರ ಯಾರೋ ಮೂಲೆ ಮಡಿಚಿದ ಕಾರ್ಡು ತಂದು ತೋರಿಸಿದರೆ, "ಮಡಿಚಿದ್ದು ಅರ್ಧ ಕಾರ್ಡು. ಹರಿದಿದ್ದು ಕಾರ್ಡೇ ಅಲ್ಲ" ಎಂದು ಹಿಂದಕ್ಕೆ ತಳ್ಳಿಬಿಟ್ಟ. ನಾನು ಬಾಯಿ ಮುಚ್ಚಿಕೊಂಡೆ. ಆಮೇಲೆ ಐದು ವರ್ಷವಾಯಿತು, ಇಪ್ಪತ್ತಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು? ನಾಚಿಕೆ ಬೆಳೆಯುತ್ತಾ ಹೋಯಿತು.

ಅವನಂತೂ ಹುಡುಕುತ್ತಲೇ ಇದ್ದ. ಸತ್ತವರ ಮನೆಯ ಸಾಮಾನು ಹರಾಜು, ಚರ್ಚಿನ ಹಳೇ ಸಾಮಾನಿನ ಮಾರಾಟ, ಊರೂರಿನ ಕಾರ್ಡು ಸಂತೆ ಒಂದನ್ನೂ ಬಿಡಲಿಲ್ಲ. ಕಂಪನಿ ಆ ಪೊಟ್ಟಣವನ್ನು ಮತ್ತೆ ಅಚ್ಚು ಹಾಕಲಿಲ್ಲ, ಬೇರೆ ಊರಿನ ಲೀಗುಗಳೂ ಲಾಸ್ಕಿಯನ್ನು ಕಂಡಲ್ಲಿ ಹರಿದು ಹಾಕಿದ್ದವು. ಒಂದು ಸಲ ಮದುವೆಯ ವಾರ್ಷಿಕೋತ್ಸವಕ್ಕೆಂದು ವರ್ನಾಳನ್ನು ನಯಾಗರಾಗೆ ಕರೆದುಕೊಂಡು ಹೊರಟವನು ದಾರಿಯಲ್ಲಿ ಯಾರದೋ ಅಟ್ಟ ಹತ್ತಿ ಕೂತು, ಜಲಪಾತ ತಲುಪುವ ಹೊತ್ತಿಗೆ ಕತ್ತಲಾಗಿತ್ತಂತೆ. "ನೀರು ಬೀಳೋ ಸದ್ದು ಚೆನ್ನಾಗಿತ್ತು" ಎಂದು ವರ್ನಾ ಇವತ್ತಿಗೂ ಆಡಿಕೊಳ್ಳುತ್ತಾಳೆ. 1970ರ ಪೆಟ್ಟಿಗೆಯಲ್ಲಿ ಲಾಸ್ಕಿಯ ಜಾಗದಲ್ಲಿ ಅದೇ ಅಳತೆಯ ಖಾಲಿ ರಟ್ಟು ಕತ್ತರಿಸಿ ಇಟ್ಟಿದ್ದ. ಅದರ ಮೇಲೆ ಪೆನ್ಸಿಲಿನಲ್ಲಿ ಎರಡೇ ಪದ: ಲಾಸ್ಕಿ ಬರ್ತಾನೆ.

ಎರಡು ವರ್ಷದ ಹಿಂದೆ ಅವನ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ಅಂಚು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಡಾಕ್ಟರು ವಾಸಿಯಾಗುವುದಿಲ್ಲ ಎಂದರು. ಆ ಗುರುವಾರ ಅವನೇ ಮೇಜಿಗೆ ಬಂದು ಸುದ್ದಿ ಹೇಳಿದ.

"ಮೆರ್ಲ್, ಇನ್ಮೇಲೆ ನಿನ್ನ ಮೂತಿ ಕಾಣಲ್ವಂತೆ ಕಣೋ, ಬರೀ ಕಿವಿ. ದೇವರು ದೊಡ್ಡವನು."

ಎಲ್ಲರೂ ನಕ್ಕೆವು. ಆಮೇಲೆ ಅವನು ಮೆಲ್ಲಗೆ, "ಪೂರ್ತಿ ಕಪ್ಪಾಗೋಕೆ ಮುಂಚೆ ಆ ಪೆಟ್ಟಿಗೆ ಒಂದು ಸಲ ಭರ್ತಿಯಾಗಿದ್ದು ನೋಡ್ಬೇಕು, ಅಷ್ಟೇ" ಎಂದ. ನನ್ನ ಕೈಯಲ್ಲಿದ್ದ ಪೆನ್ಸಿಲು ನನಗೇ ಭಾರವಾಯಿತು. ಅವತ್ತೂ ಹೇಳಲಿಲ್ಲ. ಹರಿದಿದ್ದು ಕಾರ್ಡೇ ಅಲ್ಲ ಎಂದವನಿಗೆ ಹರಿದದ್ದನ್ನು ಕೊಟ್ಟು ಏನು ಮಾಡಲಿ?

ಕಳೆದ ಮಾರ್ಚ್‌ನಲ್ಲಿ ನಮ್ಮೂರಿನ ಅಗ್ನಿಶಾಮಕದವರ ಹಾಲ್‌ನಲ್ಲಿ ಕಾರ್ಡು ಸಂತೆ ನಡೆಯಿತು. ಎಲ್ವುಡ್ 1970ರ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ, ನಾನು ಮತ್ತು ಮೆರ್ಲ್ ಅವನ ಎರಡು ಪಕ್ಕ. ಓಹಾಯೊದಿಂದ ಬಂದಿದ್ದ ಆಪೆಲ್ ಎಂಬುವನ ಮೇಜಿನ ಮೇಲೆ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ, ಈಗಷ್ಟೇ ಅಚ್ಚಾದಂತೆ ಬಡ್ ಲಾಸ್ಕಿ ಕೂತಿದ್ದ. ಮೆರ್ಲ್ ಗಕ್ಕನೆ ನಿಂತ.

"ಎಲ್ವುಡ್. ಇಲ್ಲಿದಾನೆ ಕಣೋ."

ಎಲ್ವುಡ್ ಕಾರ್ಡನ್ನು ಕಣ್ಣಿನ ಮಗ್ಗುಲಿಗೆ ಹಿಡಿದು, ಕತ್ತು ಓರೆ ಮಾಡಿ ಏನೇನೋ ಕಸರತ್ತು ಮಾಡಿದ. "ಓದು" ಎಂದ ಕೊನೆಗೆ. ಮೆರ್ಲ್ ಮೂವತ್ತಾರು ಸಾಲನ್ನೂ ಓದಿದ. ಪ್ರತಿ ಸಾಲನ್ನೂ ಎಲ್ವುಡ್ ಅವನಿಗಿಂತ ಒಂದು ಕ್ಷಣ ಮೊದಲೇ ಹೇಳುತ್ತಿದ್ದ.

ಆಪೆಲ್ ಹೇಳಿದ: "ಇದನ್ನ ಮಾರಲ್ಲ ಸಾರ್. ಬದಲಿಗೆ ಏನಾದ್ರೂ ಕೊಟ್ರೆ ಕೊಡ್ತೀನಿ. ನಾನು ಹಳೇ ಲೀಗುಗಳ ಸ್ಕೋರ್ ಪುಸ್ತಕ ಕೂಡಿಡ್ತೀನಿ. ನಿಮ್ಮ ಗುರುವಾರದ ಲೀಗಿನ ಮೊದಲನೇ ವರ್ಷದ್ದು ಇದೆ ಅಂತ ಕೇಳಿದೀನಿ."

ಎಲ್ವುಡ್ ನನ್ನ ಕಡೆ ತಿರುಗಿದ. ಕೇಳಲಿಲ್ಲ. ಅದು ನನ್ನ ಪುಸ್ತಕ ಎಂದು ಅವನಿಗೆ ಗೊತ್ತು. ನನ್ನ ಮುಖ ಅಂಚಿನಲ್ಲಾದರೂ ಕಾಣಲೆಂದು ನನ್ನ ಕಿವಿ ನೋಡುತ್ತಾ ನಿಂತ.

"ತರ್ತೀನಿ. ಇಲ್ಲೇ ಇರು" ಎಂದೆ.

ಮನೆ ಹತ್ತು ನಿಮಿಷದ ದಾರಿ. ಅಡುಗೆಮನೆಯಲ್ಲಿ ನಿಂತು ಪುಸ್ತಕದ ಕೊನೆಯ ಪುಟ ತೆರೆದೆ. ಅಂಟುಪಟ್ಟಿ ಹಳದಿಯಾಗಿತ್ತು. ಆ ತುಂಡುಗಳನ್ನು ತೆಗೆದು ಒಲೆಗೆ ಹಾಕಿ, ಬರೀ ಪುಸ್ತಕ ಕೊಟ್ಟುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ಒಲೆಯ ಗುಂಡಿಯವರೆಗೆ ಕೈ ಹೋಯಿತು. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಎಪ್ಪತ್ತೊಂದು ವರ್ಷದ ಮುದುಕಿ, ಒಂದು ರಟ್ಟಿನ ಚೂರಿಗೆ ಹೆದರುವುದೇ? ಎರಡನ್ನೂ ತೆಗೆದುಕೊಂಡು ಹೋದೆ.

ಮೇಜಿನ ಮೇಲೆ ಪುಸ್ತಕ ಇಟ್ಟೆ. ಅದರ ಮೇಲೆ ಕಾರ್ಡು ಇಟ್ಟೆ.

"ಎಲ್ವುಡ್, ಇದು ನಿಂದು. ಅವತ್ತು ನೀನು ಸೀಳಿದ್ದು. ನಾನೇ ಎತ್ತಿಟ್ಕೊಂಡಿದ್ದೆ. ಹೇಳಿರಲಿಲ್ಲ. ತಪ್ಪಾಯ್ತು."

ಮೊದಲು ಬಾಯಿ ತೆರೆದವನು ಮೆರ್ಲ್. "ಲೊರೇನ್! ಐವತ್ಮೂರು ವರ್ಷ! ನಿನ್ನ ಹೊಟ್ಟೇಲಿ ಇನ್ನೂ ಏನೇನಿದೆಯೇ?"

"ನೀನು ಸುಮ್ನಿರು. ಸೀಳ್ಸಿದ್ದು ನೀನು."

ಎಲ್ವುಡ್ ಕಾರ್ಡು ತೆಗೆದುಕೊಂಡ. ಹೆಬ್ಬೆರಳನ್ನು ಅಂಟಿನ ಗೆರೆಯ ಮೇಲೆ ಉದ್ದಕ್ಕೆ ಎಳೆದ, ಆಮೇಲೆ ಅಡ್ಡಕ್ಕೆ. ಬೈಯುತ್ತಾನೆಂದು ಕಾದೆ. ಅವನು ಪೆಟ್ಟಿಗೆ ತೆರೆದು, ಒಂದು ಹಿಡಿ ಕಾರ್ಡು ಎತ್ತಿ, ಇದನ್ನೂ ಅದರೊಳಗೆ ತುರುಕಿ, ಚೆನ್ನಾಗಿ ಕಲಸಿ, ಮೆರ್ಲ್ ಕೈಗೆ ಕೊಟ್ಟು ಮತ್ತೂ ಕಲಸಲು ಹೇಳಿದ. ವಾಪಸ್ಸು ತೆಗೆದುಕೊಂಡು ಕಣ್ಣು ಮುಚ್ಚಿದ. ಹಿಂದೆ ಹಿಟ್ಟಿನ ಮೇಲೆ ಓಡಾಡುತ್ತಿದ್ದ ಆ ಬೆರಳುಗಳು ಕಾರ್ಡುಗಳ ಮೇಲೆ ಸರಸರನೆ ಓಡಿದವು. ಒಂದನ್ನು ಹೊರಗೆಳೆದು ಎತ್ತಿ ಹಿಡಿದ.

"ಇವನೇ. ಅಲ್ವಾ?"

ಅವನೇ.

"ಆಪೆಲ್ ಸಾರ್, ನಿಮ್ಮದು ನಿಮ್ಮ ಹತ್ರಾನೇ ಇರ್ಲಿ" ಎಂದ ಎಲ್ವುಡ್. "ಬಲು ಚೆನ್ನಾಗಿದೆ. ಆದ್ರೆ ಮುಂದಿನ ವರ್ಷ ನಂಗೆ ಅದೂ ಒಂದೇ, ಮಿಕ್ಕ ಕಾರ್ಡೂ ಒಂದೇ. ಇವನನ್ನ ಮಾತ್ರ ನಾನು ಕತ್ತಲಲ್ಲೂ ಹುಡುಕ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನೀನು ಇನ್ನೂ ಅಷ್ಟು ಅಂಟುಪಟ್ಟಿ ಹಚ್ಚಿದ್ರೂ ಆಗ್ತಿತ್ತು ಕಣೇ" ಎಂದ. ಪೆಟ್ಟಿಗೆಯಿಂದ ಖಾಲಿ ರಟ್ಟನ್ನು ತೆಗೆದು ನನ್ನ ಕೈಗಿಟ್ಟ. ನಾನು ಅಲ್ಲೇ, ಊರವರೆಲ್ಲ ನೋಡುತ್ತಿದ್ದಂತೆ ಅತ್ತೆ.

ಆ ಗುರುವಾರ ಮೆರ್ಲ್ ಎದ್ದು ನಿಂತು, ಲಾಸ್ಕಿ ಒಂದೇ ಒಂದು ಸಲ ಆಡಲು ಅಪ್ಪಣೆ ಕೊಡೋಣವೇ ಎಂದು ಕೇಳಿದ. ಲೀಗಿನಲ್ಲಿ ಈಗ ಉಳಿದಿರುವುದು ನಾಲ್ವರು. ಮೊದಲು ಎದ್ದ ಕೈ ಅವನದೇ. ಪಂದ್ಯವೂ ಅವರಿಬ್ಬರದೇ. ಕೊನೆಯ, ಒಂಬತ್ತನೇ ಇನ್ನಿಂಗ್ಸ್, ಎಲ್ವುಡ್ ಎರಡು ರನ್ ಹಿಂದೆ, ಬೇಸಿನಲ್ಲಿ ಇಬ್ಬರು, ಹೋಮ್ ರನ್ ಬಿದ್ದರೆ ಮೂರು ರನ್, ಇನ್ನೊಂದು ಔಟ್ ಆದರೆ ಆಟ ಮುಗಿಯಿತು.

"ಬಡ್ ಲಾಸ್ಕಿ ಬರ್ತಾನೆ" ಎಂದ ಎಲ್ವುಡ್. ದಾಳ ಉರುಳಿಸಿದ. ಅವು ಪೈ ತಟ್ಟೆಗೆ ಬಡಿದು ನಿಂತವು.

ಮೆರ್ಲ್ ಬಗ್ಗಿ ನೋಡಿದ. ತುಸು ಹೊತ್ತು ತೆಗೆದುಕೊಂಡ. "ಮೂವತ್ಮೂರು" ಎಂದ. "ಹೋಮ್ ರನ್. ಗೆದ್ದೆ ಹೋಗು, ಹಾಳಾದವನೇ."

ನಾನೂ ನೋಡಿದ್ದೆ. ಕೆಂಪು ನಾಲ್ಕು, ಬಿಳಿ ಎರಡು. ಮೆರ್ಲ್ ನನ್ನನ್ನು ನೋಡಿದ. ಅಷ್ಟು ದೈನ್ಯದಿಂದ ಅವನು ಯಾರನ್ನೂ ನೋಡಿದ್ದು ನಾನು ಕಂಡಿಲ್ಲ. ಪೆನ್ಸಿಲು ಹಿಡಿದುಕೊಂಡು ಕೂತೆ. ಬರೆಯಲಾಗಲಿಲ್ಲ.

ಎಲ್ವುಡ್ ಮೇಜಿನ ಮೇಲೆ ಕೈ ಚಾಚಿ ತಟ್ಟೆಯ ಅಂಚಿಗೆ ಬಂದ. ಯಾವುದು ಕೆಂಪು ಎಂದು ಓರೆಗಣ್ಣಿಗೆ ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟು ಗುಳಿ ಎಣಿಸಿದ, ಆಮೇಲೆ ಬಿಳಿಯದರ ಮೇಲೆ.

"ನಲವತ್ತೆರಡು" ಎಂದ. "ಔಟು." ಮುಖ ಅರಳತೊಡಗಿತು. "ಮೆರ್ಲ್, ನೀನು ಗೆದ್ದಿದೀಯ ಕಣೋ ಪೆದ್ದ. ಗೆದ್ದವನು ಸುಳ್ಳು ಹೇಳ್ತಾನೇನೋ?" ನಗಲು ಶುರು ಮಾಡಿದವನು ಕುರ್ಚಿಯಿಂದ ಬೀಳುವಷ್ಟು ನಕ್ಕ. ಮೆರ್ಲ್ ಮುಖ ಮತ್ತೆ ಬೀಟ್‌ರೂಟ್ ಆಯಿತು, ಐವತ್ತಮೂರು ವರ್ಷದ ಹಿಂದೆ ಆದ ಹಾಗೇ.

"ಬರಿ ಲೊರೇನ್" ಎಂದ ಎಲ್ವುಡ್, ಕಣ್ಣು ಒರೆಸಿಕೊಳ್ಳುತ್ತಾ.

ಬರೆದೆ. ಲಾಸ್ಕಿ, ಔಟ್. ಪಂದ್ಯ ಮೆರ್ಲ್‌ನದು. ಆಮೇಲೆ, ಈ ಪುಸ್ತಕಗಳಲ್ಲಿ ಅಂಕಿ ಬಿಟ್ಟು ಬೇರೇನೂ ಬರೆಯದ ನಾನು, ಪುಟದ ಅಂಚಿನಲ್ಲಿ ಚಿಕ್ಕದಾಗಿ ಒಂದು ಸಾಲು ಸೇರಿಸಿದೆ: ನಮ್ಮಣ್ಣ ಇವತ್ತು ಸೋಲಲು ನೋಡಿದ.